ತೊಂಬತ್ತು ದಾಟಿದವರ ನೆನಪು ಮತ್ತು ಮನೆತನದ ಮಾತು

ಮೂಡಿಗೆರೆ, ಸಕಲೇಶಪುರದ ಕಡೆ ತೊಂಬತ್ತು ದಾಟಿದ ಅಜ್ಜಿ ಮೊಮ್ಮಗನನ್ನು ಮಗನೆಂದು ಕರೆಯತೊಡಗಿದರೆ, 'ಅವರ ತಾಯಿಗೂ ಹೀಗೆಯೇ ಆಗಿತ್ತು, ಮನೆತನದಲ್ಲೇ ಇದೆ' ಎಂಬಲ್ಲಿಗೆ ಮಾತು ಮುಗಿಯುತ್ತದೆ. ಎಪ್ಪತ್ತರವರ ವಿಷಯದಲ್ಲಿ ಈ ಮಾತಿಗೆ ಬಲವಿದೆ. ತೊಂಬತ್ತರವರ ವಿಷಯದಲ್ಲಿ ಅದು ಬಹಳ ಸಡಿಲ.

19ನೆಯ ಕ್ರೋಮೋಸೋಮಿನಲ್ಲಿರುವ ಎಪಿಒಇ ಎಂಬ ಜೀನ್, ಕೊಲೆಸ್ಟರಾಲ್ ಸಾಗಿಸುವ ಪ್ರೋಟೀನೊಂದರ ಸೂತ್ರ. ಅದಕ್ಕೆ ಇ2, ಇ3, ಇ4 ಎಂಬ ಮೂರು ಮುಖ್ಯ ರೂಪಗಳಿವೆ; ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ಇ4 ಇದ್ದವರಲ್ಲಿ ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ಹೆಚ್ಚು ಎಂದು 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ತೋರಿಸಿತು. ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮೈಲಾಯ್ಡ್ ಎಂಬ ಪ್ರೋಟೀನು ಅಂಥವರಲ್ಲಿ ನಿಧಾನವಾಗಿ ತೆರವಾಗುತ್ತದೆ. ಯುರೋಪ್ ಮೂಲದವರಲ್ಲಿ ಒಂದು ಇ4 ಅಪಾಯವನ್ನು ಸುಮಾರು ಮೂರು ಪಟ್ಟು ಏರಿಸುತ್ತದೆ. ಆ ಲೆಕ್ಕವನ್ನು ನಮ್ಮವರಿಗೆ ಹಾಗೆಯೇ ಹಚ್ಚುವುದು ಸರಿಯಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುತ್ತಿರುವ, ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದ ಅಧ್ಯಯನ ಅದಕ್ಕೇ ನನಗೆ ಅಮೂಲ್ಯವೆನಿಸುತ್ತದೆ. ಮಲೆನಾಡಿಗೂ ಅಂಥದ್ದೊಂದು ಬರಬೇಕು.

ಇ4ರ ಹಿಡಿತ ಅರವತ್ತೈದರಿಂದ ಎಪ್ಪತ್ತೈದರ ಆಸುಪಾಸಿನಲ್ಲಿ ಅತಿ ಬಿಗಿ. ಎಂಬತ್ತೈದು ದಾಟಿದ ಮೇಲೆ ಸಡಿಲುತ್ತ ಹೋಗುತ್ತದೆ. ಕೆಡುಕು ಮಾಡುವುದಿದ್ದರೆ ಹೆಚ್ಚಿನವರಲ್ಲಿ ಅದು ಅಷ್ಟರೊಳಗೆ ಮಾಡಿಬಿಟ್ಟಿರುತ್ತದೆ. ಹೃದಯದ ಕಾಯಿಲೆಗೂ ಇ4ಕ್ಕೂ ನಂಟಿರುವುದರಿಂದ ಕೆಲವರು ಆ ವಯಸ್ಸನ್ನೇ ಮುಟ್ಟುವುದಿಲ್ಲ. ತೊಂಬತ್ತು ಮುಟ್ಟಿದವರ ಮಿದುಳಿನಲ್ಲಿ ಬೇರೆ ಸವೆತಗಳೂ ಕೂಡಿಕೊಂಡಿರುತ್ತವೆ: ಸೂಕ್ಷ್ಮ ರಕ್ತನಾಳಗಳ ಹಾನಿ, ಸದ್ದಿಲ್ಲದ ಸಣ್ಣ ಪಾರ್ಶ್ವವಾಯು, ಟಿಡಿಪಿ-43 ಎಂಬ ಇನ್ನೊಂದು ಪ್ರೋಟೀನಿನ ಶೇಖರ. ಕ್ಯಾಲಿಫೋರ್ನಿಯಾದಲ್ಲಿ ತೊಂಬತ್ತು ದಾಟಿದವರನ್ನೇ ಅಧ್ಯಯನ ಮಾಡುತ್ತಿರುವ ತಂಡ, ಅಮೈಲಾಯ್ಡ್ ತುಂಬಿದ್ದರೂ ಕೊನೆಯವರೆಗೆ ನೆನಪು ಚೆನ್ನಾಗಿದ್ದವರನ್ನು ಕಂಡಿದೆ.

ಮನೆತನದ ಮೇಲೆ ಹೊರಿಸಿ ಕೈಚೆಲ್ಲುವುದು ನನಗೆ ನೋವಾಗುವುದು ಇಲ್ಲಿಯೇ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ನಿದ್ದೆಮಾತ್ರೆ, ಕೇಳಿಸದ ಕಿವಿ, ಪೊರೆ ಬಂದ ಕಣ್ಣು, ಇವೆಲ್ಲ ಮರೆವನ್ನು ಹೆಚ್ಚಿಸುತ್ತವೆ ಅಥವಾ ಮರೆವಿನಂತೆಯೇ ತೋರುತ್ತವೆ. ಇವಕ್ಕೆ ತಾಲ್ಲೂಕು ಮಟ್ಟದಲ್ಲೇ ಬಹಳಷ್ಟು ಮಾಡಬಹುದು.

ಇನ್ನೂ ಮುಖ್ಯವಾದದ್ದೊಂದಿದೆ. ನಿನ್ನೆಯವರೆಗೆ ಸರಿಯಿದ್ದ ಅಜ್ಜಿ ಒಂದೆರಡು ದಿನಗಳಲ್ಲೇ ಹಗಲು ರಾತ್ರಿ ಗೊತ್ತಾಗದಂತೆ ಗೊಂದಲಗೊಂಡರೆ, ಅದು ವಂಶದ ಮರೆವಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಮಳೆಗಾಲದ ಚಳಿಗೆ ನೀರು ಕುಡಿಯದೇ ಇರುವುದು, ಇಂಥ ಯಾವುದಾದರೂ ಕಾರಣವಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ದು ರಕ್ತ, ಮೂತ್ರ ಪರೀಕ್ಷೆ ಮಾಡಿಸಬೇಕು. ಕಾರಣ ಸಿಕ್ಕಿ ಚಿಕಿತ್ಸೆಯಾದರೆ ಅನೇಕರು ಕೆಲವು ದಿನ ಅಥವಾ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ.