ಅಕ್ಕಿ ಬೆಳೆಯುವ ಊರಿಗೆ ಪ್ಲಾಸ್ಟಿಕ್ ಕವರ್ ಬಂದ ದಾರಿ

ಹೋದ ವಾರ ಗಂಗಾವತಿಯ ಒಂದು ಮಾರ್ಟಿನಲ್ಲಿ ಕಿಲೋ ತೊಗರಿಬೇಳೆಯನ್ನು ನನ್ನ ಬಟ್ಟೆ ಚೀಲಕ್ಕೇ ತೂಗಿಕೊಡು ಎಂದೆ. ತಕ್ಕಡಿ ಮುಂದಿದ್ದ ಹುಡುಗ ಯೋಚನೆಗೆ ಬಿದ್ದ. ‘ಸ್ಟಿಕ್ಕರ್ ಎಲ್ಲಿ ಹಚ್ಚಲ್ರಿ ಅಕ್ಕಾರ?’

ಅವನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ತೂಕ, ದರ, ಬಾರ್‌ಕೋಡ್ ಇರುವ ಚೀಟಿ ಅಂಟಲು ನುಣುಪು ಜಾಗ ಬೇಕು. ಆ ಕವರ್ ಬೇಳೆಯನ್ನು ಹೊರುವುದಕ್ಕಿಂತ ಹೆಚ್ಚಾಗಿ ಚೀಟಿಯನ್ನು ಹೊರುತ್ತದೆ.

ನಾನು ಚಿಕ್ಕವಳಿದ್ದಾಗ ಕಿರಾಣಿ ಅಂಗಡಿಯಲ್ಲಿ ಗೋಣಿಚೀಲಗಳು ಬಾಯಿ ತೆರೆದು ಸಾಲಾಗಿ ನಿಂತಿರುತ್ತಿದ್ದವು. ಹಳೆ ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಮೇಲಿನಿಂದ ಇಳಿಬಿಟ್ಟ ದಾರವನ್ನು ಜಗ್ಗಿ ಸುತ್ತಿ ಹರಿಯುತ್ತಿದ್ದರು. ಎಣ್ಣೆಗೆ ಮನೆಯಿಂದಲೇ ಡಬ್ಬಿ ಒಯ್ಯಬೇಕಿತ್ತು. ಈ ವ್ಯವಸ್ಥೆಯನ್ನು ಬರೀ ಹೊಗಳಲಾರೆ. 1998ರಲ್ಲಿ ದೆಹಲಿಯಲ್ಲಿ ಅರ್ಜಿಮೋನ್ ಎಂಬ ಕಳೆಗಿಡದ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು ಜನರ ಕಾಲು ಬಾತವು, 60ಕ್ಕೂ ಹೆಚ್ಚು ಮಂದಿ ಸತ್ತರು. ಅಡುಗೆ ಎಣ್ಣೆಯನ್ನು ಪ್ಯಾಕ್ ಮಾಡಿಯೇ ಮಾರಬೇಕೆಂದು ಕೇಂದ್ರ ಸರ್ಕಾರ ಅದೇ ವರ್ಷ ಆದೇಶ ಹೊರಡಿಸಿತು. ಎಣ್ಣೆ ಪ್ಯಾಕೆಟ್ಟಿನ ಹಿಂದೆ ಸಾವುಗಳಿವೆ. ಅದನ್ನು ಬಿಚ್ಚಿ ಮಾರಿ ಎಂದು ನಾನು ಕೇಳುವುದಿಲ್ಲ. ಆದರೆ ಅಕ್ಕಿ, ಬೇಳೆ, ಬದನೆಕಾಯಿಗೆ ಈ ಕಾರಣ ಒಪ್ಪುವುದಿಲ್ಲ.

ಕಾನೂನು ಮಾತ್ರ ಇಷ್ಟು ವರ್ಷ ಬೆನ್ನಟ್ಟಿದ್ದು ಕ್ಯಾರಿಬ್ಯಾಗನ್ನು. 1999ರಲ್ಲಿ 20 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ದಪ್ಪ ಇರಲೇಬೇಕೆಂದರು, 2011ರಲ್ಲಿ 40, 2016ರಲ್ಲಿ 50, 2021ರ ಸೆಪ್ಟೆಂಬರ್ ಕೊನೆಗೆ 75, 2022ರ ಡಿಸೆಂಬರ್ ಕೊನೆಗೆ 120. ನಮ್ಮ ರಾಜ್ಯ ಇನ್ನೂ ಮುಂದೆ ಹೋಗಿ, 2016ರ ಮಾರ್ಚ್ 11ರಂದೇ ಎಷ್ಟೇ ದಪ್ಪವಿದ್ದರೂ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಬೇಡವೆಂದಿತು. ಆದರೆ ತಯಾರಿಕೆಯ ಹಂತದಲ್ಲೇ ಸಾಮಾನಿನ ಮೇಲೆ ಸೀಲಾಗಿ ಬರುವ ಪ್ಯಾಕಿಂಗಿಗೆ ವಿನಾಯಿತಿ ಸಿಕ್ಕಿತು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಮೇಲೆ ಕೇಂದ್ರ 2022ರ ಜುಲೈ 1ರಿಂದ ಹೇರಿದ ನಿಷೇಧಕ್ಕೂ ತಟ್ಟೆ, ಲೋಟ, ಸ್ಟ್ರಾ, ಸಿಹಿ ಡಬ್ಬಿ ಸುತ್ತುವ ಹಾಳೆಯಂಥವೇ ಸಿಕ್ಕಿದ್ದು. ಹೀಗಾಗಿ ಬಟ್ಟೆ ಚೀಲ ಹಿಡಿದು ಹೋದವರು ಅದರೊಳಗೆ ಹದಿನೈದು ಪ್ಲಾಸ್ಟಿಕ್ ಪ್ಯಾಕೆಟ್ ತುಂಬಿಕೊಂಡು ಬರುತ್ತಾರೆ.

ಪ್ಯಾಕಿಂಗ್ ಬದಲಾಗುವುದು ಕಷ್ಟ ಎನ್ನುವವರಿಗೆ 26 ಕೆ.ಜಿ. ಅಕ್ಕಿ ಚೀಲವನ್ನು ತೋರಿಸುತ್ತೇನೆ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ಜಿಎಸ್‌ಟಿ ಬಂತು. ಬಿಡಿಯಾಗಿ ತೂಗಿ ಕೊಟ್ಟರೆ ತೆರಿಗೆ ಇಲ್ಲ. ನೋಡನೋಡುತ್ತ 25 ಕೆ.ಜಿ. ಚೀಲ ಹೋಗಿ 26ರದ್ದು ಬಂತು. ಒಂದು ತೆರಿಗೆ ಚೀಲದ ಅಳತೆಯನ್ನೇ ಬದಲಿಸಿತು. ಅದೇ ನಿಯಮ ಬಿಡಿ ಮಾರಾಟಕ್ಕೆ ಕೊಟ್ಟಿರುವ ಅನುಕೂಲವನ್ನು ಮಾರ್ಟುಗಳು ಹೆಚ್ಚು ಬಳಸಿಕೊಳ್ಳಬೇಕಿತ್ತು.

ತುಂಗಭದ್ರಾ ಎಡದಂಡೆ ಕಾಲುವೆ ನೀರಿಗೆ ಬೆಳೆದ ಭತ್ತ ಇದೇ ಊರಿನ ಮಿಲ್ಲುಗಳಲ್ಲಿ ಅಕ್ಕಿಯಾಗುತ್ತದೆ. ಮಿಲ್ಲಿನಿಂದ ಬಂದ ದೊಡ್ಡ ಚೀಲವನ್ನು ಮಾರ್ಟಿನ ಡಬ್ಬಿಗೆ ಸುರಿದು, ಗಿರಾಕಿಯ ಚೀಲಕ್ಕೆ ತೂಗಿ ಕೊಡಬಹುದು. ಚೀಲದ ತೂಕ ಕಳೆಯುವ ಗುಂಡಿ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೇ ಇರುತ್ತದೆ. ತಕ್ಕಡಿ ಮುಂದಿದ್ದ ಆ ಹುಡುಗ ಕೊನೆಗೆ ಅದನ್ನೇ ಒತ್ತಿದ. ಸ್ಟಿಕ್ಕರನ್ನು ರಟ್ಟಿನ ತುಂಡಿಗೆ ಹಚ್ಚಿ ಕೈಗೆ ಕೊಟ್ಟ. ಬಿಲ್ಲಿಂಗಿನಲ್ಲಿ ಯಾರೂ ತಕರಾರು ಮಾಡಲಿಲ್ಲ.

ತರಕಾರಿಯ ಕೆಲಸ ಇನ್ನೂ ಸುಲಭ. ಕ್ರೇಟಿನಲ್ಲಿ ಬಂದ ಬದನೆ, ಹೀರೆಯನ್ನು ತಟ್ಟೆಗಿಟ್ಟು ಹಾಳೆ ಸುತ್ತುವುದು ಅಂಗಡಿಯೊಳಗೇ, ಸುತ್ತದಿದ್ದರೆ ಆಯಿತು. ಫ್ರಾನ್ಸ್ ದೇಶ 2022ರ ಜನವರಿಯಿಂದ ಸುಮಾರು 30 ಬಗೆಯ ಹಣ್ಣು, ತರಕಾರಿಗೆ ಪ್ಲಾಸ್ಟಿಕ್ ಸುತ್ತಬಾರದೆಂದು ಕಾನೂನನ್ನೇ ತಂದಿತು.

ಬಿಸ್ಕತ್ತು, ಸೋಪಿನ ಪ್ಯಾಕಿಂಗ್ ಕಂಪನಿಗಳ ಕೈಯಲ್ಲಿದೆ, ನಿಜ. ಆದರೆ ಬೇಳೆ, ಸಕ್ಕರೆ, ಶೇಂಗಾ ತರಿಸಿ ತಮ್ಮದೇ ಹೆಸರಿನ ಪ್ಯಾಕೆಟ್ ಮಾಡುವ ದೊಡ್ಡ ಮಾರ್ಟುಗಳಿಗೆ ಆ ನೆಪವಿಲ್ಲ. 2022ರ ಫೆಬ್ರುವರಿಯಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿ ಸಣ್ಣ ಅಂಗಡಿಗಳನ್ನು ಬಿಟ್ಟು ಸೂಪರ್ ಮಾರ್ಕೆಟ್‌ಗಳನ್ನೂ ಬ್ರ್ಯಾಂಡ್ ಮಾಲೀಕರ ಸಾಲಿಗೆ ಸೇರಿಸಿದೆ. ತಾವು ಹೊರಬಿಟ್ಟ ಪ್ಲಾಸ್ಟಿಕ್ ಮರಳಿ ಸಂಗ್ರಹವಾಗುವಂತೆ ನೋಡಿಕೊಳ್ಳುವುದು ಅವುಗಳ ಹೊಣೆ.