ಡಬಲ್ ಬಾಕ್ಸ್ ಹಾಕುವ ಮುಂಚೆ ಶಾಫ್ಟ್ ಕೋನ ನೋಡಿ

ಜೀಪನ್ನು ಎತ್ತರಿಸಿಕೊಂಡವರು ಸ್ವಲ್ಪ ದಿನ ಬಿಟ್ಟು ಬಂದು ಕೇಳುವ ಪ್ರಶ್ನೆ ಒಂದೇ. "ಸಾರ್, ಇನ್ನೊಂದು ಟ್ರಾನ್ಸ್‌ಫರ್ ಬಾಕ್ಸ್ ಸೇರಿಸಬಹುದಾ?" ಗೇರ್‌ಬಾಕ್ಸಿನಿಂದ ಬರುವ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ, ನಿಧಾನಕ್ಕೆ ಎಳೆಯಲು ಲೋ ಗೇರ್ ಕೊಡುವ ಪೆಟ್ಟಿಗೆ ಅದು. ಮೂಡಿಗೆರೆ, ಸಕಲೇಶಪುರದ ಕಡೆಯ ತೋಟದ ಗಾಡಿಗಳೇ ನನ್ನ ಕೆಲಸ. ಹಾಗಾಗಿ ಈ ಆಸೆ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ಕಾಫಿ ಮೂಟೆ ಹೇರಿಕೊಂಡು ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಇಳಿಯಬೇಕು, ಕಲ್ಲಿನ ಏರಿನಲ್ಲಿ ಕ್ಲಚ್ ಸುಡದೆ ಹತ್ತಬೇಕು. ಆಸೆ ಸರಿಯಾಗಿಯೇ ಇದೆ. ಆದರೆ ನಾನು ಬಾಕ್ಸಿನ ಮಾತಿಗೆ ಮುಂಚೆ ಗಾಡಿ ಕೆಳಗೆ ಮಲಗಿ, ಆ ಬಾಕ್ಸಿನಿಂದ ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ನೋಡುತ್ತೇನೆ.

ಹೀಗೆ ಎರಡು ಬಾಕ್ಸ್ ಜೋಡಿಸುವ ಡಬಲ್ ಬಾಕ್ಸ್ ಹೆಸರಾಗಿದ್ದು ಅಮೆರಿಕದಲ್ಲಿ, ಟೊಯೊಟಾದ ಹಳೆಯ ಪಿಕಪ್‌ಗಳಿಂದ. ಅವುಗಳ ಟ್ರಾನ್ಸ್‌ಫರ್ ಬಾಕ್ಸ್ ಪೂರ್ತಿ ಗೇರಿನದು, ಚೈನ್ ಇಲ್ಲ. ಲೋ ಗೇರಿರುವ ಮುಂಭಾಗವನ್ನು ಬೇರೆ ಬಿಚ್ಚಬಹುದು. ಅದನ್ನು ಒಂದು ಅಡಾಪ್ಟರ್ ಪ್ಲೇಟ್ ಹಾಕಿ ಇನ್ನೊಂದು ಪೂರ್ತಿ ಬಾಕ್ಸಿನ ಮುಂದೆ ಕೂರಿಸುತ್ತಾರೆ. ಒಂದರ ಲೋ 2.28, ಅಂದರೆ ವೇಗ ಅಷ್ಟು ಪಟ್ಟು ತಗ್ಗಿ ಬಲ ಅಷ್ಟು ಪಟ್ಟು ಏರುತ್ತದೆ. ಎರಡನ್ನೂ ಲೋಗೆ ಹಾಕಿದರೆ 2.28 ಗುಣಿಸು 2.28, ಅಂದರೆ ಸುಮಾರು 5.2. ಮುಂದಿನದು ಮಾತ್ರ ಲೋದಲ್ಲಿದ್ದು ಹಿಂದಿನದು ಟೂ ವೀಲ್‌ನಲ್ಲಿದ್ದರೆ, ಹಿಂದಿನ ಚಕ್ರಕ್ಕೆ ಮಾತ್ರ ಲೋ ಗೇರ್ ಸಿಗುತ್ತದೆ. ಗಟ್ಟಿ ನೆಲದ ತೋಟದ ತಿರುವುಗಳಲ್ಲಿ ಇದು ನಿಜಕ್ಕೂ ಒಳ್ಳೆಯದು. ಫೋರ್ ವೀಲ್ ಹಾಕಿದಾಗ ಸ್ಟೀರಿಂಗ್ ಬಿಗಿಯಾಗಿ ಗಾಡಿ ತಿರುಗಲು ಒದ್ದಾಡುವ ತೊಂದರೆ ಇರುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಬಾಕ್ಸಿನ ಹಿಂದಿನ ತುದಿಯಿಂದ ಹಿಂದಿನ ಆಕ್ಸಲಿನ ಪಿನಿಯನ್‌ವರೆಗೆ (ಆಕ್ಸಲಿನಲ್ಲಿ ಶಾಫ್ಟ್ ಸೇರುವ ಗೇರು) ಅಡ್ಡಕ್ಕೆ 800 ಮಿಲಿಮೀಟರ್ ದೂರ ಇದೆ ಎಂದುಕೊಳ್ಳಿ. ಬಾಕ್ಸು ಪಿನಿಯನ್‌ಗಿಂತ 125 ಮಿಲಿಮೀಟರ್ ಮೇಲಿದೆ. ಶಾಫ್ಟ್ ಸುಮಾರು 9 ಡಿಗ್ರಿ ವಾಲುತ್ತದೆ. ಮೂರು ಇಂಚು ಲಿಫ್ಟ್ ಮಾಡಿದಿರಿ, ಎತ್ತರದ ವ್ಯತ್ಯಾಸ 200 ಆಯಿತು. ವಾಲು 14 ಡಿಗ್ರಿ. ಇನ್ನೊಂದು ಬಾಕ್ಸ್ ಸೇರಿಸಿದರೆ ಔಟ್‌ಪುಟ್ ಹಿಂದಕ್ಕೆ ಸರಿಯುತ್ತದೆ. 160 ಮಿಲಿಮೀಟರ್ ಸರಿದರೆ ಉಳಿಯುವುದು 640. ವಾಲು 17 ಡಿಗ್ರಿ ದಾಟಿತು. ಲಿಫ್ಟ್ ಶಾಫ್ಟಿನ ವಾಲು ಹೆಚ್ಚಿಸುತ್ತದೆ, ಡಬಲ್ ಬಾಕ್ಸ್ ಅದನ್ನೇ ಗಿಡ್ಡ ಮಾಡಿ ವಾಲನ್ನು ಇನ್ನಷ್ಟು ಹೆಚ್ಚಿಸುತ್ತದೆ. ಎರಡೂ ಒಂದೇ ಕಡೆಗೆ ಎಳೆಯುತ್ತವೆ. ಹಿಂದಿನ ಶಾಫ್ಟ್ ಮೊದಲೇ ಗಿಡ್ಡ ಇರುವ ನಮ್ಮ ಜೀಪುಗಳಲ್ಲಿ ಪೆಟ್ಟು ಜೋರು.

ವಾಲಿದರೆ ಏನಾಗುತ್ತದೆ? ಶಾಫ್ಟಿನ ತುದಿಯಲ್ಲಿ ಬಾಗಲು ಇರುವ ಕ್ರಾಸ್ ಜಾಯಿಂಟ್ ವಾಲಿ ತಿರುಗುವಾಗ ಶಾಫ್ಟಿನ ವೇಗ ಒಂದೇ ಸಮ ಇರುವುದಿಲ್ಲ. ಪ್ರತಿ ಸುತ್ತಿನಲ್ಲೂ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. 9 ಡಿಗ್ರಿಯಲ್ಲಿ ಈ ಏರಿಳಿತ ಆಚೆಈಚೆ ಶೇ. 1ರಷ್ಟು. 17 ದಾಟಿದರೆ ಶೇ. 5ರ ಹತ್ತಿರ. ಎರಡು ತುದಿಯ ಕ್ರಾಸ್‌ಗಳ ಕೋನ ಸಮ ಇದ್ದು, ಶಾಫ್ಟಿನ ಎರಡೂ ಕಡೆಯ ಯೋಕ್ (ಕ್ರಾಸ್ ಹಿಡಿಯುವ ಕವಲು) ಒಂದೇ ನೇರದಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಸರಿಮಾಡುತ್ತದೆ. ಅಂದರೆ ಬಾಕ್ಸಿನ ಔಟ್‌ಪುಟ್ ಮತ್ತು ಪಿನಿಯನ್ ಎರಡೂ ಸಮಾನಾಂತರವಾಗಿರಬೇಕು. "ಅಣ್ಣಾ, ಲಿಫ್ಟ್ ಮಾಡಿಸಿದ ಮೇಲೆ ಐವತ್ತರಲ್ಲಿ ಸೀಟಿನ ಕೆಳಗೆ ನಡುಗುತ್ತೆ" ಅಂತ ಬರುವ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. ಶಾಫ್ಟ್ ಬಿಚ್ಚಿ ಹಾಕುವಾಗ ಸ್ಪ್ಲೈನ್ (ಶಾಫ್ಟಿನ ಎರಡು ಭಾಗ ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆ) ಒಂದು ಹಲ್ಲು ಆಚೆ ಕೂತರೂ ಯೋಕ್ ನೇರ ತಪ್ಪುತ್ತದೆ. ಬಿಚ್ಚುವ ಮುಂಚೆ ಪೇಂಟಿನಲ್ಲಿ ಗುರುತು ಹಾಕಿ.

ಕೋನ ಜಾಸ್ತಿ ಇದ್ದಾಗ ಡಬಲ್ ಕ್ರಾಸ್ ಇರುವ ಶಾಫ್ಟ್ ಹಾಕುತ್ತಾರೆ. ಬಾಕ್ಸಿನ ಕಡೆ ಎರಡು ಕ್ರಾಸ್ ಒಟ್ಟಿಗೆ ಕೂತಿರುತ್ತವೆ. ಆಗ ಲೆಕ್ಕವೇ ಬೇರೆ. ಪಿನಿಯನ್ನಿನ ಮುಖ ಶಾಫ್ಟಿನ ಕಡೆಗೇ ಇರಬೇಕು, ಒಂದೆರಡು ಡಿಗ್ರಿ ತಗ್ಗಿಸಿ. ಎಳೆಯುವಾಗ ಲೀಫ್ ಪ್ಲೇಟ್ ತಿರುಚಿ ಪಿನಿಯನ್ ತಾನೇ ಮೇಲೇಳುತ್ತದೆ, ಅದಕ್ಕೆ ಆ ಜಾಗ ಬೇಕು. ಪಿನಿಯನ್ ತುಂಬಾ ಮೇಲಕ್ಕೆ ತಿರುಗಿದ್ದರೆ ಅದರ ಮುಂದಿನ ಬೇರಿಂಗ್‌ಗೆ ಎಣ್ಣೆ ಸಾಲದು. ಎಣ್ಣೆ ಮಟ್ಟ ಸ್ವಲ್ಪ ಹೆಚ್ಚಿಸಿ. ಪಿನಿಯನ್ ತಿರುಗಿಸಲು ಪ್ಲೇಟಿನ ಕೆಳಗೆ ಇಡುವ ಓರೆ ತುಂಡು ಉಕ್ಕಿನದೇ ಇರಲಿ. ಅಲ್ಯುಮಿನಿಯಂ ತುಂಡು ಒಡೆದು ಜಾರಿದರೆ ಸೆಂಟರ್ ಬೋಲ್ಟ್ ಉಳಿಯುವುದಿಲ್ಲ.

ಮುಂದಿನ ಆಕ್ಸಲ್‌ನಲ್ಲಿ ಈ ಉಪಾಯ ನಡೆಯುವುದಿಲ್ಲ. ಪಿನಿಯನ್ ಮೇಲೆತ್ತಿದರೆ ಕ್ಯಾಸ್ಟರ್, ಅಂದರೆ ಚಕ್ರವನ್ನು ನೇರಕ್ಕೆ ತರುವ ಹಿಂಬದಿ ಓರೆ, ಕಡಿಮೆಯಾಗಿ ಸ್ಟೀರಿಂಗ್ ಅಲೆದಾಡುತ್ತದೆ. ಚಾರ್ಮಾಡಿ ಘಾಟಿ ಇಳಿಯುವವರಿಗೆ ಅದು ಅಪಾಯ. ಅಲ್ಲಿ ಸ್ಟೀರಿಂಗೇ ಮುಖ್ಯ, ಶಾಫ್ಟಿನ ಕೋನ ಆಮೇಲೆ.

ಇನ್ನು ಬಲದ ಮಾತು. ಮಾರುತಿ ಜಿಪ್ಸಿಯ ಇಂಜಿನ್ ಟಾರ್ಕ್ 103 ನ್ಯೂಟನ್ ಮೀಟರ್. ಮೊದಲ ಗೇರ್ 3.65, ಲೋ 2.27. ಒಟ್ಟು ಬಾಕ್ಸಿನಿಂದ ಹೊರಬರುವುದು ಸುಮಾರು 850. ಜಿಪ್ಸಿಗೆ ಎರಡನೇ ಬಾಕ್ಸ್ ಬೇಡ. ಅದರ ಬಾಕ್ಸ್ ಗೇರ್‌ಬಾಕ್ಸಿನಿಂದ ಬೇರೆಯಾಗಿದೆ, ಒಳಗಿನ ಹಲ್ಲುಚಕ್ರ ಬದಲಿಸಿ ಲೋವನ್ನು 4.16ಕ್ಕೆ ತರುವ ಗೇರ್ ಸೆಟ್ ಸಿಗುತ್ತದೆ. ಶಾಫ್ಟ್ ಉದ್ದ ಹಾಗೇ ಉಳಿಯುತ್ತದೆ. ಆದರೆ ಹೊರಬರುವ ಬಲ 1,500 ದಾಟುತ್ತದೆ. ಒಂದು ಚಕ್ರ ಕಲ್ಲಿನ ನಡುವೆ ಸಿಕ್ಕಿಕೊಂಡು ಕಾಲು ಒತ್ತಿದರೆ ಮೊದಲು ಹೋಗುವುದು ಕ್ರಾಸ್ ಅಥವಾ ಆಕ್ಸಲ್ ಶಾಫ್ಟ್. ಕೋನ ಜಾಸ್ತಿ ಇದ್ದಷ್ಟೂ ಬೇಗ.

ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ. ನಮ್ಮ ಮಳೆಗಾಲದ ಕೆಸರಿಗೆ ಡಬಲ್ ಲೋ ಉಪಯೋಗವಿಲ್ಲ. ಕೆಸರಲ್ಲಿ ಟೈರಿನ ಗೀರು ಸ್ವಚ್ಛ ಆಗಬೇಕಾದರೆ ಚಕ್ರ ಸ್ವಲ್ಪ ಜೋರಾಗಿ ತಿರುಗಬೇಕು. ಬಂಡೆ ಮೇಲೆ ನಿಧಾನ ಹತ್ತುವವರಿಗೆ, ಭಾರ ಹೇರಿ ಇಳಿಯುವವರಿಗೆ ಮಾತ್ರ ಇದು ಬೇಕು. ಗ್ರೌಂಡ್ ಕ್ಲಿಯರೆನ್ಸ್ ಸಾಕಾದ ತೋಟದ ಗಾಡಿಗೆ ಲಿಫ್ಟ್ ಅರ್ಧ ಮಾಡಿ, ದುಡ್ಡು ಒಳ್ಳೆಯ ಟೈರಿಗೆ ಹಾಕಿ ಅಂತಲೇ ನಾನು ಹೇಳುವುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿಗೆ ಮಿತಿ ಹಾಕಿದೆ. ರಸ್ತೆಗಿಳಿಸುವ ಗಾಡಿಯಾದರೆ ಕೆಲಸಕ್ಕೆ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿ.

ಹಾಕಿಸಲೇಬೇಕು ಅಂದರೆ, ಎರಡನೇ ಬಾಕ್ಸಿನ ಹಿಂಭಾಗಕ್ಕೆ ಚಾಸಿಸ್‌ನಿಂದ ಆಧಾರ ಕೊಡುವ ಬೇರೆಯೇ ಕ್ರಾಸ್ ಮೆಂಬರ್ (ಅಡ್ಡಪಟ್ಟಿ) ಮಾಡಿಸಿ. ಶಾಫ್ಟ್ ಕತ್ತರಿಸುವ ಮುಂಚೆ ಗಾಡಿಯ ಭಾರ ಚಕ್ರದ ಮೇಲೆ ಇಟ್ಟೇ ಅಳೆಯಿರಿ. ಜಾಕ್ ಮೇಲೆ ಎತ್ತಿ ಅಳೆದರೆ ಲೆಕ್ಕ ತಪ್ಪುತ್ತದೆ. ಆಮೇಲೆ ಆಕ್ಸಲ್ ಪೂರ್ತಿ ಕೆಳಗೆ ಬಿಟ್ಟು ಸ್ಪ್ಲೈನ್ ಕಳಚುವುದಿಲ್ಲ ಅಂತ ನೋಡಿ. ಪೂರ್ತಿ ಮೇಲೆ ಒತ್ತಿದಾಗಲೂ ಜಾರಲು ಜಾಗ ಉಳಿದಿರಬೇಕು. ಇಲ್ಲದಿದ್ದರೆ ಗುಂಡಿಗೆ ಬಿದ್ದಾಗ ಶಾಫ್ಟ್ ನೇರ ಬಾಕ್ಸಿನ ಬೇರಿಂಗ್‌ಗೆ ಗುದ್ದುತ್ತದೆ. ಇಷ್ಟು ಅಳತೆ ಕೈಯಲ್ಲಿಟ್ಟುಕೊಂಡೇ ಲೇತ್ ಅಂಗಡಿಗೆ ಹೋಗಿ.