ವಲಸಿಗರ ಸ್ವಾಗತಕ್ಕೆ ಯುರೋಪಿನ ದುಡ್ಡು: ಅರ್ಜಿಗೆ ಮೊದಲು ಲೆಕ್ಕ

ನಿರಾಶ್ರಿತರು, ವಲಸಿಗರು ಬಂದ ಊರಿನಲ್ಲಿ ಬೇರೂರಲು ನೆರವಾಗುವ ಕೆಲಸಕ್ಕೆ ಐರೋಪ್ಯ ಒಕ್ಕೂಟ ಇಟ್ಟಿರುವ ನಿಧಿ ‘ಅಮಿಫ್’ (AMIF), ಅಂದರೆ ಆಶ್ರಯ, ವಲಸೆ ಮತ್ತು ಒಗ್ಗೂಡಿಕೆ ನಿಧಿ. 2021–2027ರ ಅವಧಿಗೆ ಮೂಲತಃ ಗೊತ್ತುಮಾಡಿದ್ದು ಸುಮಾರು 988 ಕೋಟಿ ಯೂರೊ. ಡೆನ್ಮಾರ್ಕ್ ಇದರಲ್ಲಿ ಸೇರಿಲ್ಲ. ಹಣದ ದೊಡ್ಡ ಪಾಲು ಆಯಾ ದೇಶದ ಸರ್ಕಾರದ ಕೈಯಿಂದಲೇ ಹಂಚಿಕೆಯಾಗುತ್ತದೆ. ಜರ್ಮನಿಯಲ್ಲಿ ಆ ಹೊಣೆ ‘ಬಾಮ್ಫ್’ (BAMF) ಎಂಬ ವಲಸೆ ಇಲಾಖೆಯದು.

ಸಾಮಾನ್ಯವಾಗಿ ವೆಚ್ಚದ ಶೇ. 75ರವರೆಗೆ ನಿಧಿ ಭರಿಸುತ್ತದೆ. ನಗರಸಭೆ, ಸ್ವಯಂಸೇವಾ ಸಂಸ್ಥೆ, ವಲಸಿಗರೇ ನಡೆಸುವ ಸಂಘಗಳು ಕೈಗೊಳ್ಳುವ ಒಗ್ಗೂಡಿಕೆಯ ಕೆಲಸಕ್ಕೆ ಇದು ಶೇ. 90ರವರೆಗೂ ಏರಬಹುದು. ಯುರೋಪಿನ ಕನ್ನಡ ಸಂಘಗಳು ಕಣ್ಣಿಡಬೇಕಾದದ್ದು ಇಲ್ಲಿ. ರಾಜ್ಯೋತ್ಸವದ ಖರ್ಚಿಗೆ ಇದು ಬರುವುದಿಲ್ಲ. ಹೊಸದಾಗಿ ಬಂದವರಿಗೆ ಮನೆ ಬಾಡಿಗೆ ಕರಾರು ಓದಿ ಹೇಳುವುದು, ಮಕ್ಕಳ ಶಾಲೆ ಸೇರ್ಪಡೆಗೆ ಜೊತೆಗೆ ಹೋಗುವುದು, ನೆರೆಹೊರೆಯವರೊಂದಿಗೆ ಮಾತುಕತೆ ಏರ್ಪಡಿಸುವುದು, ಇಂಥವಕ್ಕೆ ಬರುತ್ತದೆ.

ಹೆಚ್ಚಿನವರು ಎಡವುವುದು ‘ಯಾರಿಗಾಗಿ’ ಎಂಬಲ್ಲಿ. ಫಲಾನುಭವಿ ಒಕ್ಕೂಟದ ಹೊರಗಿನ ದೇಶದ ಪ್ರಜೆಯಾಗಿರಬೇಕು. ಉಕ್ರೇನಿನಿಂದ ಬಂದು ತಾತ್ಕಾಲಿಕ ರಕ್ಷಣೆ ಪಡೆದವರು ಸರಿ, ಬ್ಲೂ ಕಾರ್ಡ್, ಅಂದರೆ ಹೊರದೇಶದ ನುರಿತ ಉದ್ಯೋಗಿಗಳಿಗೆ ಕೊಡುವ ಪರವಾನಗಿ, ಪಡೆದು ಬಂದ ಭಾರತದ ಪಾಸ್‌ಪೋರ್ಟಿನ ಕುಟುಂಬವೂ ಸರಿ. ಒಕ್ಕೂಟದೊಳಗಿನ ರೊಮೇನಿಯಾದಿಂದ ಬಂದ ಕೂಲಿಕಾರ ಎಷ್ಟೇ ಕಷ್ಟದಲ್ಲಿದ್ದರೂ ಈ ಲೆಕ್ಕಕ್ಕೆ ಸೇರುವುದಿಲ್ಲ. ಇದು ನೋವಿನ ಮಾತು, ಆದರೆ ನಿಯಮ ಹಾಗಿದೆ. ಅಂಥವರನ್ನು ಹೊರಗಿಡಬೇಡಿ, ಅವರ ಖರ್ಚನ್ನು ಬೇರೆ ಹಣದಿಂದ ತೂಗಿಸಿ.

ಇನ್ನು ಲೆಕ್ಕಕ್ಕೆ ಬರೋಣ. ಒಬ್ಬ ಸಂಯೋಜಕರಿಗೆ, ಪೂರ್ಣಾವಧಿ ಲೆಕ್ಕದಲ್ಲಿ, ಸಂಬಳ ಮತ್ತು ಸಂಸ್ಥೆ ಕಟ್ಟುವ ವಿಮೆ ಸೇರಿ ವರ್ಷಕ್ಕೆ 43,000 ಯೂರೊ ತಗಲುತ್ತದೆ ಎನ್ನೋಣ. ಇದನ್ನು 1,720ರಿಂದ ಭಾಗಿಸಿದರೆ ಗಂಟೆಗೆ 25 ಯೂರೊ. ಈ 1,720 ಪೂರ್ಣಾವಧಿ ದುಡಿಮೆಯ ಒಂದು ವರ್ಷದ ಗಂಟೆಗಳೆಂದು ನಿಯಮದಲ್ಲೇ ಇರುವ ಅಂಕಿ. ವಾರಕ್ಕೆ 10 ಗಂಟೆಯಂತೆ 46 ವಾರ ದುಡಿದರೆ 460 ಗಂಟೆ, ಅಂದರೆ 11,500 ಯೂರೊ. ಸಭಾಂಗಣದ ಬಾಡಿಗೆ, ದುಭಾಷಿ, ಬಸ್ ಚೀಟಿ, ಕಾಗದ ಮುಂತಾದ ಉಳಿದೆಲ್ಲ ಖರ್ಚಿಗೆ ಸಂಬಳದ ಶೇ. 40ರವರೆಗೆ ಒಂದೇ ಗಂಟಾಗಿ ಕೇಳುವ ಅವಕಾಶವಿದೆ: 4,600 ಯೂರೊ. ಒಟ್ಟು 16,100ರಲ್ಲಿ ಶೇ. 90 ಸಿಕ್ಕರೂ 1,610 ನೀವೇ ಹೊಂದಿಸಬೇಕು. ಈ ಗಂಟಿನ ಪದ್ಧತಿಯನ್ನು ನಿಮ್ಮ ದೇಶದ ಕಚೇರಿ ಒಪ್ಪಿದ್ದರೆ ಕಣ್ಣುಮುಚ್ಚಿ ಅದನ್ನೇ ಆರಿಸಿಕೊಳ್ಳಿ. ಬಸ್ ಚೀಟಿ ಅಂಟಿಸುತ್ತ ಕೂತ ಸಂಜೆಗಳು ಜನರ ಜೊತೆ ಕಳೆಯಬೇಕಾದ ಸಂಜೆಗಳು.

ಗಂಟೆಗಳ ಲೆಕ್ಕ ಮಾತ್ರ ಗಟ್ಟಿಯಾಗಿರಲಿ. ದಿನಾಂಕ, ಶುರುವಾದ ಹೊತ್ತು, ಮುಗಿದ ಹೊತ್ತು, ಮಾಡಿದ ಕೆಲಸ, ಇಬ್ಬರ ಸಹಿ. ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ತುಂಬಿದ ಹಾಳೆ ತಪಾಸಣೆಯವರ ಕಣ್ಣಿಗೆ ತಕ್ಷಣ ಬೀಳುತ್ತದೆ. ಹಾಳೆಯಲ್ಲಿ ಕೆಲಸ ತೋರಿಸಿದ ದಿನ ಸಂಯೋಜಕರು ರಜೆಯಲ್ಲಿದ್ದರೆ ಅಷ್ಟು ಹಣ ವಾಪಸ್. ಬಂದವರ ಹಾಜರಿ ಹಾಳೆಯಲ್ಲಿ ಸಹಿಯ ಜೊತೆ ಪೌರತ್ವ, ವಾಸದ ಪರವಾನಗಿಯ ಬಗೆ ನಮೂದಾಗಲಿ. ಕಚೇರಿ ಕೇಳದೆ ಪಾಸ್‌ಪೋರ್ಟಿನ ಪ್ರತಿ ತೆಗೆದಿಡಬೇಡಿ, ವಾಟ್ಸಾಪ್‌ನಲ್ಲಂತೂ ತರಿಸಲೇಬೇಡಿ. ಆಶ್ರಯ ಕೋರಿ ಬಂದವರ ದಾಖಲೆ ತಪ್ಪು ಕೈಗೆ ಸಿಕ್ಕರೆ ಊರಲ್ಲಿರುವ ಅವರ ಮನೆಯವರಿಗೂ ಅಪಾಯ.

ಒಂದೇ ಖರ್ಚಿಗೆ ಎರಡು ಸಲ ಸರ್ಕಾರಿ ದುಡ್ಡು ಪಡೆಯುವಂತಿಲ್ಲ. ಜರ್ಮನಿಯ ಸಾಮಾನ್ಯ ಒಗ್ಗೂಡಿಕೆ ಕೋರ್ಸಿನಲ್ಲಿ 600 ಭಾಷಾ ಪಾಠ, 100 ನಾಗರಿಕ ಪಾಠ ಈಗಾಗಲೇ ಇವೆ. ಅದನ್ನೇ ಮತ್ತೆ ಕಲಿಸುತ್ತೇವೆ ಎಂದರೆ ಅರ್ಜಿ ಬೀಳುತ್ತದೆ. ಪಾಠಕ್ಕೆ ಹೋಗಲಾಗದ ತಾಯಂದಿರ ಮಕ್ಕಳನ್ನು ಆ ಹೊತ್ತಿಗೆ ನೋಡಿಕೊಳ್ಳುತ್ತೇವೆ ಎಂದರೆ ಅದು ಪೂರಕ.

ಪೂರ್ತಿ ಹಣ ಮುಂಗಡವಾಗಿ ಬರುತ್ತದೆಂದು ನಂಬಬೇಡಿ. ಕೊನೆಯ ಕಂತು ಅಂತಿಮ ವರದಿ ಪಾಸಾದ ಮೇಲೆಯೇ. ಕೈಯಲ್ಲಿ ಕೆಲವು ತಿಂಗಳ ಸಂಬಳ ಇಲ್ಲದ ಸಣ್ಣ ಸಂಘ ತಾನೇ ಅರ್ಜಿದಾರನಾಗುವ ಬದಲು ನಗರಸಭೆಯ ಪಾಲುದಾರನಾಗಿ ಸೇರುವುದು ಕ್ಷೇಮ. ಆಗ ಯಾವ ತಿಂಗಳು ಎಷ್ಟು ಹಣ ನಿಮ್ಮ ಖಾತೆಗೆ ಎಂಬುದು ಪಾಲುದಾರಿಕೆ ಪತ್ರದಲ್ಲೇ ಇರಲಿ.

ಕಾಗದಪತ್ರಗಳನ್ನು ಕೊನೆಯ ಕಂತು ಬಂದ ವರ್ಷದ ಡಿಸೆಂಬರ್ 31ರಿಂದ 5 ವರ್ಷ ಕಾಪಾಡಬೇಕು. ಅಷ್ಟರಲ್ಲಿ ಪದಾಧಿಕಾರಿಗಳು ಬದಲಾಗಿರುತ್ತಾರೆ. ಆ ಪೆಟ್ಟಿಗೆ ಯಾರ ಮನೆಯಲ್ಲಿದೆ ಎಂಬುದನ್ನು ವಾರ್ಷಿಕ ಸಭೆಯ ನಡಾವಳಿಯಲ್ಲಿ ಪ್ರತಿವರ್ಷ ಬರೆಸಿ.